ಜರ್ಮನಿಗೆ ಬರುತ್ತಿದ್ದೀರಾ? ಮೊದಲು ವಿಳಾಸ, ಆಮೇಲೆ ಉಳಿದದ್ದು

ಬೆಂಗಳೂರಿನಿಂದ ಜರ್ಮನಿಗೆ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಮ್ಯೂನಿಕ್, ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್, ಬರ್ಲಿನ್ ಇವುಗಳಲ್ಲಿ ಒಂದು ಕಡೆ ಇಳಿಯುತ್ತಾರೆ. ಆಫೀಸಿನ ಕೆಲಸ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಲೆ ಕೆಡುವುದು ಆಫೀಸಿನ ಹೊರಗೆ. ಮನೆ ಮಾಲೀಕರು ಸಂಬಳದ ಚೀಟಿ ಕೇಳುತ್ತಾರೆ. ಸಂಬಳ ಕೊಡುವವರು ತೆರಿಗೆ ಸಂಖ್ಯೆ ಕೇಳುತ್ತಾರೆ. ತೆರಿಗೆ ಸಂಖ್ಯೆ ಬರಬೇಕಾದರೆ ವಿಳಾಸ ಬೇಕು, ವಿಳಾಸ ಬೇಕಾದರೆ ಮನೆ ಬೇಕು. ಈ ಸುತ್ತಿನಿಂದ ಹೊರಗೆ ಬರಲು ಒಂದು ಕ್ರಮ ಇದೆ. ಅದೇ ಕ್ರಮದಲ್ಲಿ ಬರೆದಿದ್ದೇನೆ. ಕೆಲಸದ ಆಫರ್ ಕೈಯಲ್ಲಿದೆ, ಇನ್ನೂ ಹೊರಟಿಲ್ಲ ಅಂದುಕೊಂಡು ಶುರು ಮಾಡೋಣ.

ಹೊರಡುವ ಮೊದಲು: ಹೆಸರು

ಕನ್ನಡಿಗರಿಗೆ ಇದು ನಿಜಕ್ಕೂ ದೊಡ್ಡ ತಲೆನೋವು. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದ ಊರಿನ ಹೆಸರು, ಮದುವೆ ಪ್ರಮಾಣಪತ್ರದಲ್ಲಿ ಇನ್ನೊಂದು ತರ. ಜರ್ಮನಿಯಲ್ಲಿ ಪ್ರತಿ ಫಾರ್ಮಿನಲ್ಲೂ ಎರಡು ಜಾಗ ಇರುತ್ತದೆ, ಎರಡೂ ತುಂಬಬೇಕು. ಒಂದು ಖಾಲಿ ಬಿಟ್ಟರೆ ಬ್ಯಾಂಕಿನವರು ಒಂದು ರೀತಿ, ವಿಮೆಯವರು ಒಂದು ರೀತಿ ತುಂಬಿಕೊಳ್ಳುತ್ತಾರೆ. ಆಮೇಲೆ ನೀವೇ ಇಬ್ಬರು ಬೇರೆ ಬೇರೆ ಮನುಷ್ಯರಾಗಿಬಿಡುತ್ತೀರಿ.

ಸಮಯ ಇದ್ದರೆ ವೀಸಾ ಅರ್ಜಿಗೆ ಮೊದಲೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಮನೆಯವರೆಲ್ಲರ ಪಾಸ್‌ಪೋರ್ಟಿನಲ್ಲೂ ಮಾಡಿಸಿ. ಸರ್‌ನೇಮ್ ಜಾಗದಲ್ಲಿ ಏನಿರುತ್ತದೋ ಅದರಿಂದಲೇ ಇಲ್ಲಿ ನಿಮ್ಮನ್ನು ಕರೆಯುತ್ತಾರೆ. ಅಲ್ಲಿ ಅಪ್ಪನ ಹೆಸರಿದ್ದರೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಮಗನೂ ರಾಮಯ್ಯ, ಮಗಳೂ ರಾಮಯ್ಯ. ಕೂಗಿದಾಗ ಎದ್ದು ಹೋಗಲು ಸ್ವಲ್ಪ ಅಭ್ಯಾಸ ಬೇಕಾಗುತ್ತದೆ.

ಜನನ ಪ್ರಮಾಣಪತ್ರ, ಮದುವೆ ನೋಂದಣಿ ಪತ್ರ, ಪದವಿ ಪ್ರಮಾಣಪತ್ರ ಇವುಗಳ ಮೂಲ ಪ್ರತಿ ನಿಮ್ಮ ಜೊತೆಗೇ ಇರಲಿ. ಹಳೆಯ ಜನನ ಪತ್ರ ಬರೀ ಕನ್ನಡದಲ್ಲಿದ್ದರೆ ಇಂಗ್ಲಿಷ್ ಇರುವ ಹೊಸ ಪ್ರತಿ ತೆಗೆಸಿ. ಕಲ್ಯಾಣ ಮಂಟಪದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದೇ ಇರುವವರು ಈಗಲೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬನ್ನಿ. ಸಂಗಾತಿಯ ವೀಸಾದಿಂದ ತೆರಿಗೆ ವರ್ಗದವರೆಗೆ (ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕು ಎಂದು ಹೇಳುವ ವರ್ಗ) ಎಲ್ಲದಕ್ಕೂ ಆ ಒಂದು ಕಾಗದ ಬೇಕು.

ಸೂಟ್‌ಕೇಸಿನಲ್ಲಿ ಏನು, ಏನಲ್ಲ

ಅಮ್ಮ ಕಟ್ಟಿಕೊಡುವ ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಲಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಹಸಿ ಕರಿಬೇವು, ಮಾವಿನಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅದನ್ನು ಯಾರೂ ಮಾಡಿಸುವುದಿಲ್ಲ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ದುರಿಯನ್ ಹಣ್ಣುಗಳಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ ಇದೆ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಒಣ ಬ್ಯಾಡಗಿ ಮೆಣಸಿನಕಾಯಿ ತಗೊಂಡು ಬನ್ನಿ. ಬೇಳೆ, ಅಕ್ಕಿಗೆ ತೂಕ ಹಾಳು ಮಾಡಬೇಡಿ. ತೊಗರಿಬೇಳೆ, ಸೋನಾ ಮಸೂರಿ, ರಾಗಿ ಹಿಟ್ಟು ಎಲ್ಲ ದೊಡ್ಡ ಊರಿನ ಇಂಡಿಯನ್ ಅಂಗಡಿಗಳಲ್ಲೂ ಸಿಗುತ್ತವೆ.

ಮಿಕ್ಸಿ ಖಂಡಿತ ತನ್ನಿ. ಇಲ್ಲಿನ ವಿದ್ಯುತ್ತೂ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ನಮ್ಮ ಮಿಕ್ಸಿ ಸುಟ್ಟುಹೋಗುವುದಿಲ್ಲ. ಮೂರು ಪಿನ್ನಿನ ಪ್ಲಗ್ಗಿಗೆ ಒಂದು ಅಡಾಪ್ಟರ್ ಸಾಕು. ಕುಕ್ಕರ್ ತರುವುದಾದರೆ ಸ್ಟೀಲಿನದು, ಇಂಡಕ್ಷನ್ ತಳ ಇರುವುದೇ ಆಗಲಿ. ಗ್ಯಾಸ್ ಒಲೆ ಇರುವ ಬಾಡಿಗೆ ಮನೆ ಅಪರೂಪ, ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿಯೇ ಆಗುವುದಿಲ್ಲ. ಚಳಿಗಾಲದ ಜಾಕೆಟ್ ಇಲ್ಲೇ ಕೊಳ್ಳಿ. ಬೆಂಗಳೂರಿನಲ್ಲಿ ಕೊಂಡದ್ದು ನವೆಂಬರ್ ದಾಟುವುದಿಲ್ಲ. ದಿನಾ ತಗೊಳ್ಳುವ ಔಷಧಿ ಇದ್ದರೆ ಡಾಕ್ಟರ ಚೀಟಿ ಸಮೇತ ತನ್ನಿ. ಇಲ್ಲಿ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡುವುದಿಲ್ಲ. ಪ್ಯಾರಾಸಿಟಮಾಲ್ ಕೂಡ ಫಾರ್ಮಸಿಯಲ್ಲಿ ಮಾತ್ರ ಸಿಗುತ್ತದೆ, ಸೂಪರ್ ಮಾರ್ಕೆಟ್ಟಿನಲ್ಲಿ ಇಲ್ಲ.

ಮೊದಲ ಮನೆ: ಕೇಳಬೇಕಾದ್ದು ಒಂದೇ ಪ್ರಶ್ನೆ

ಮೊದಲ ಕೆಲವು ತಿಂಗಳಿಗೆ ತಾತ್ಕಾಲಿಕ ಮನೆ ಹುಡುಕುವಾಗ ಮೆಟ್ರೋ ಎಷ್ಟು ಹತ್ತಿರ, ಅಡುಗೆಮನೆ ಎಷ್ಟು ದೊಡ್ಡದು ಎಂದು ನೋಡುವ ಮೊದಲು ಒಂದು ಪ್ರಶ್ನೆ ಕೇಳಿ: ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ? ಅಂದರೆ ಈ ವಿಳಾಸದಲ್ಲಿ ನಗರದ ಕಚೇರಿಯಲ್ಲಿ ನನ್ನ ಹೆಸರು ನೋಂದಣಿ ಆಗುತ್ತಾ? ಆಗಲ್ಲ ಅಂದರೆ ಎಷ್ಟು ಅಗ್ಗವಾದರೂ ಬೇಡ. ಸ್ನೇಹಿತರ ಮನೆಯಲ್ಲಿ ನಿಜವಾಗಿ ಇರುವುದಾದರೆ ಅವರೇ ನಿಮಗೆ ಮನೆ ಕೊಟ್ಟವರು ಎಂದು ಸಹಿ ಹಾಕಿಕೊಡಬಹುದು. ಇರದೇ ಇರುವ ವಿಳಾಸಕ್ಕೆ ಸಹಿ ಹಾಕಿಸಿಕೊಂಡರೆ ದಂಡ ಬೀಳುತ್ತದೆ.

ಮೋಸದ ಜಾಹೀರಾತು ತುಂಬಾ ಇವೆ. ಎಲ್ಲದರ ಕತೆ ಒಂದೇ: ಮಾಲೀಕರು ಬೇರೆ ದೇಶದಲ್ಲಿದ್ದಾರೆ, ಮೊದಲು ಅಡ್ವಾನ್ಸ್ ಕಳಿಸಿ, ಕೀಲಿ ಅಂಚೆಯಲ್ಲಿ ಬರುತ್ತದೆ. ಮ್ಯೂನಿಕ್‌ನ ನಡುಮಧ್ಯೆ ಅರ್ಧ ಬಾಡಿಗೆಗೆ ಮನೆ ಸಿಕ್ಕಿತು ಎಂದರೆ ಅಲ್ಲಿಗೇ ಅನುಮಾನ ಪಡಬೇಕು. ನೀವು ಅಥವಾ ನಿಮ್ಮ ಪರಿಚಯದವರು ಕಣ್ಣಾರೆ ಮನೆ ನೋಡುವ ತನಕ ಒಂದು ಯೂರೋ ಕೂಡ ಕಳಿಸಬೇಡಿ.

ನೋಂದಣಿ, ಅಂಚೆ ಪೆಟ್ಟಿಗೆ

ಮನೆಗೆ ಬಂದ ಎರಡು ವಾರದೊಳಗೆ ನೋಂದಣಿ ಮಾಡಿಸಬೇಕು ಎಂದು ಕಾನೂನು ಹೇಳುತ್ತದೆ. ಅಪಾಯಿಂಟ್‌ಮೆಂಟನ್ನು ಭಾರತದಲ್ಲಿರುವಾಗಲೇ ಆನ್‌ಲೈನಿನಲ್ಲಿ ಹಿಡಿಯಿರಿ. ಬರ್ಲಿನ್‌ನಂಥ ಊರಿನಲ್ಲಿ ಅದು ಸಿಗುವುದೇ ಕಷ್ಟ. ಆದರೆ ನಗರದ ಯಾವ ಬಡಾವಣೆಯ ಕಚೇರಿಯಾದರೂ ನಡೆಯುತ್ತದೆ, ಬೆಳಗ್ಗೆ ಬೇಗ ನೋಡಿದರೆ ರದ್ದಾದ ಜಾಗಗಳು ಕಾಣುತ್ತವೆ. ಪಾಸ್‌ಪೋರ್ಟ್, ತುಂಬಿದ ಫಾರ್ಮ್, ಮಾಲೀಕರು ಸಹಿ ಹಾಕಿದ ಪತ್ರ ತಗೊಂಡು ಹೋಗಿ. ಆ ಪತ್ರದ ಹೆಸರು ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. ಬಾಯಿಪಾಠ ಮಾಡುವುದು ಬೇಡ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ ಸಾಕು. ಬಾಡಿಗೆ ಕರಾರು ತೋರಿಸಿದರೆ ಅದರ ಬದಲಿಗೆ ನಡೆಯುವುದಿಲ್ಲ.

ಫಾರ್ಮಿನಲ್ಲಿ ಧರ್ಮ ಯಾವುದು ಎಂಬ ಪ್ರಶ್ನೆ ಇರುತ್ತದೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ದಾಖಲಾದರೆ ಸಂಬಳದಿಂದ ಚರ್ಚ್ ತೆರಿಗೆ ಕಟ್ ಆಗುತ್ತದೆ. ಬವೇರಿಯಾ, ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ಅದು ಆದಾಯ ತೆರಿಗೆಯ ಮೇಲೆ ಶೇ. 8, ಉಳಿದ ಕಡೆ ಶೇ. 9. ಮಂಗಳೂರಿನ ಕ್ಯಾಥೊಲಿಕರು ಇದನ್ನು ತಿಳಿದುಕೊಂಡೇ ಹೋಗಬೇಕು. ಹಿಂದೂ, ಮುಸ್ಲಿಂ, ಜೈನರಿಗೆ ಇದು ಇಲ್ಲ.

ನೋಂದಣಿ ಮುಗಿಸಿ ಮನೆಗೆ ಬಂದ ಕೂಡಲೇ ಅಂಚೆ ಪೆಟ್ಟಿಗೆಯ ಮೇಲೆ, ಕರೆಗಂಟೆಯ ಪಕ್ಕ ನಿಮ್ಮ ಸರ್‌ನೇಮ್ ಅಂಟಿಸಿ. ಇಲ್ಲಿ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ. ಅಂಚೆಯವರು ನೋಡುವುದು ಹೆಸರನ್ನೇ. ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಇನ್ನು ಮುಂದಿನ ಕೆಲವು ವಾರ ಬರುವ ಪತ್ರಗಳ ಮೇಲೆಯೇ ನಿಮ್ಮ ಬದುಕು ನಿಂತಿದೆ ಅಂದರೂ ತಪ್ಪಿಲ್ಲ. 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲೇ ಬರುತ್ತದೆ, ಅದು ಜೀವಮಾನಕ್ಕೆ ಒಂದೇ. ಪಿಂಚಣಿ ವಿಮೆಯ ಸಂಖ್ಯೆಯೂ ಹಾಗೆಯೇ. ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ. ಆರೋಗ್ಯ ವಿಮೆಯ ಕಾರ್ಡೂ ಅಂಚೆಯಲ್ಲೇ.

ಇವುಗಳ ನಡುವೆ ರೇಡಿಯೋ, ಟಿವಿ ಶುಲ್ಕ ಕಟ್ಟಿ ಎಂದು ಒಂದು ಪತ್ರ ಬರುತ್ತದೆ. ನೋಡಲು ಥೇಟ್ ಮೋಸದ ಪತ್ರದ ಹಾಗೇ ಇರುತ್ತದೆ, ಆದರೆ ನಿಜದ್ದು. ಮನೆಗೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಎಂದರೂ ಬಿಡುವುದಿಲ್ಲ. ಒಂದು ಮನೆಗೆ ಒಂದೇ ಶುಲ್ಕ. ಜೊತೆಯಲ್ಲಿರುವವರು ಆಗಲೇ ಕಟ್ಟುತ್ತಿದ್ದರೆ ಅವರ ಶುಲ್ಕ ಖಾತೆಯ ಸಂಖ್ಯೆ ಬರೆದು ಕಳಿಸಿ.

ಹಳದಿ ಲಕೋಟೆ ಬಂದರೆ ಮಾತ್ರ ಅಂದೇ ಒಡೆದು ಓದಿ. ಸರ್ಕಾರಿ ಕಚೇರಿ ಅಥವಾ ಕೋರ್ಟು ಅಧಿಕೃತವಾಗಿ ತಲುಪಿಸಿದ ಪತ್ರ ಅದು. ಲಕೋಟೆಯ ಮೇಲೆ ಬರೆದ ದಿನಾಂಕದಿಂದಲೇ ಗಡುವು ಓಡಲು ಶುರುವಾಗುತ್ತದೆ, ಆದ್ದರಿಂದ ಲಕೋಟೆಯನ್ನೂ ಎಸೆಯಬೇಡಿ.

ಆರೋಗ್ಯ ವಿಮೆ: ಇಲ್ಲಿ ಆತುರ ಬೇಡ

ಹೆಚ್ಚು ಸಂಬಳ ಇರುವವರಿಗೆ ಸಾರ್ವಜನಿಕ ವಿಮೆ, ಖಾಸಗಿ ವಿಮೆ ಎಂದು ಆಯ್ಕೆ ಇರುತ್ತದೆ. ಇಪ್ಪತ್ತೆಂಟು ವಯಸ್ಸಿನ ಇಂಜಿನಿಯರಿಗೆ ಖಾಸಗಿ ಕಂತು ಬಹಳ ಅಗ್ಗ ಕಾಣುತ್ತದೆ, ಏಜೆಂಟರೂ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಮದುವೆ, ಮಕ್ಕಳು ಅನ್ನುವ ಯೋಚನೆ ಇದ್ದವರು ಸಾರ್ವಜನಿಕ ವಿಮೆಯಲ್ಲೇ ಇರಿ. ಅದರ ಮೂಲ ದರ ಸಂಬಳದ ಶೇ. 14.6, ಅದರ ಮೇಲೆ ಸ್ವಲ್ಪ ಹೆಚ್ಚುವರಿ, ಅರ್ಧ ಕಂಪನಿ ಕಟ್ಟುತ್ತದೆ. ಕೆಲಸವಿಲ್ಲದ ಸಂಗಾತಿ, ಮಕ್ಕಳು ಅದೇ ಕಂತಿನಲ್ಲಿ ಸೇರುತ್ತಾರೆ. ಖಾಸಗಿಯಲ್ಲಿ ತಲೆಗೊಂದು ಕಂತು, ವಯಸ್ಸಾದ ಹಾಗೆ ಏರುತ್ತದೆ. 55 ದಾಟಿದ ಮೇಲೆ ಸಾರ್ವಜನಿಕ ವಿಮೆಗೆ ವಾಪಸ್ ಬರುವುದು ಹೆಚ್ಚುಕಡಿಮೆ ಅಸಾಧ್ಯ.

ಆರೋಗ್ಯವಾಗಿರುವಾಗಲೇ ಮನೆ ಹತ್ತಿರ ಒಬ್ಬ ಸಾಮಾನ್ಯ ವೈದ್ಯರನ್ನು ಹುಡುಕಿಕೊಳ್ಳಿ. ಇಲ್ಲಿ ಜ್ವರ ಬಂದರೆ ನೇರ ಆಸ್ಪತ್ರೆಗೆ ಓಡುವ ಪದ್ಧತಿ ಇಲ್ಲ. ರಾತ್ರಿ, ವಾರಾಂತ್ಯ, ಆದರೆ ಪ್ರಾಣಾಪಾಯ ಇಲ್ಲ ಎಂದಾದರೆ 116117. ತುರ್ತಿಗೆ 112. ಪೊಲೀಸರಿಗೆ 110.

ಇದರ ಜೊತೆ ಇನ್ನೊಂದು ವಿಮೆ ಮಾಡಿಸಿ, ಹಾಫ್ಟ್‌ಫ್ಲಿಖ್ಟ್. ನಿಮ್ಮಿಂದ ಬೇರೆಯವರಿಗೆ ಆದ ನಷ್ಟವನ್ನು ಅದು ತುಂಬಿಕೊಡುತ್ತದೆ. ಮಗುವಿನ ಸೈಕಲ್ ಯಾರದೋ ಕಾರಿಗೆ ಗೀಚಿದರೂ ಸರಿ, ನಿಮ್ಮ ವಾಷಿಂಗ್ ಮಷೀನ್ ನೀರು ಕೆಳಗಿನ ಮನೆಗೆ ಇಳಿದರೂ ಸರಿ. ವರ್ಷಕ್ಕೆ ನೂರು ಯೂರೋ ಒಳಗೇ ಮುಗಿಯುತ್ತದೆ. ಮನೆ ಕೊಡುವವರೂ ಇದನ್ನು ಕೇಳುವುದುಂಟು.

ವಾಸದ ಅನುಮತಿ

ಎಂಟ್ರಿ ವೀಸಾ ಮುಗಿಯುವ ಮೊದಲೇ ವಿದೇಶಿಯರ ಕಚೇರಿಗೆ ಬ್ಲೂ ಕಾರ್ಡ್ (ಪದವಿ ಓದಿ ಕೆಲಸಕ್ಕೆ ಬಂದವರಿಗೆ ಕೊಡುವ ವಾಸದ ಅನುಮತಿ) ಅರ್ಜಿ ಹೋಗಿರಬೇಕು. ಉತ್ತರ ತಡವಾಗುವುದು ಮಾಮೂಲು. ಅರ್ಜಿ ಹಾಕಿದ ದಿನದ ಪುರಾವೆ ಜೋಪಾನ ಮಾಡಿ. ಕಾರ್ಡ್ ಬರುವ ತನಕ ಒಂದು ಮಡಚುವ ಕಾಗದ ಕೊಡುತ್ತಾರೆ, ಫಿಕ್ಷನ್ಸ್‌ಬೆಶೈನಿಗುಂಗ್. ಅದರಲ್ಲಿ ಬೇರೆ ಬೇರೆ ಚೌಕಗಳಿವೆ. ಕೆಲವು ಬಗೆಯದರಲ್ಲಿ ದೇಶ ಬಿಟ್ಟು ವಾಪಸ್ ಬರಲು ಅನುಮತಿ ಇರುವುದಿಲ್ಲ. ದೀಪಾವಳಿಗೆ ಊರಿಗೆ ಟಿಕೆಟ್ ತೆಗೆಯುವ ಮೊದಲು ಯಾವ ಚೌಕಕ್ಕೆ ಗುರುತು ಬಿದ್ದಿದೆ ಎಂದು ನೋಡಿ.

ಬ್ಲೂ ಕಾರ್ಡ್ ಇದ್ದವರ ಸಂಗಾತಿಗೆ ವೀಸಾಗಾಗಿ ಜರ್ಮನ್ ಪರೀಕ್ಷೆ ಬೇಕಿಲ್ಲ, ಬಂದ ಕೂಡಲೇ ಕೆಲಸಕ್ಕೂ ಸೇರಬಹುದು. ಬ್ಲೂ ಕಾರ್ಡ್ ಇದ್ದವರಿಗೆ ಕಾಯಂ ವಾಸದ ಅನುಮತಿ 27 ತಿಂಗಳಿಗೆ ಸಿಗುತ್ತದೆ, ಅದಕ್ಕೆ ಎ1 ಮಟ್ಟದ, ಅಂದರೆ ತೀರಾ ಆರಂಭದ ಜರ್ಮನ್ ಸಾಕು. ಬಿ1, ಅಂದರೆ ಮಧ್ಯಮ ಮಟ್ಟದ್ದು ಇದ್ದರೆ 21 ತಿಂಗಳು. ಸಂಗಾತಿ ಬಂದು ನೋಂದಣಿ ಆದ ಮೇಲೆ ತೆರಿಗೆ ವರ್ಗ ಬದಲಿಸುವುದನ್ನು ಮರೆಯಬೇಡಿ. ಒಬ್ಬರೇ ದುಡಿಯುವ ಮನೆಯಲ್ಲಿ 1ರಿಂದ 3ಕ್ಕೆ ಹೋದರೆ ಕೈಗೆ ಬರುವ ಸಂಬಳದಲ್ಲಿ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ.

ಕಾಯಂ ಮನೆ

ಇದೇ ಎಲ್ಲಕ್ಕಿಂತ ನಿಧಾನದ ಕೆಲಸ. ಮೂರು ತಿಂಗಳ ಸಂಬಳದ ಚೀಟಿ, ಕೆಲಸದ ಕರಾರು, ಪಾಸ್‌ಪೋರ್ಟ್ ಪ್ರತಿ, ಶೂಫಾ ವರದಿ, ನಿಮ್ಮ ಬಗ್ಗೆ ಜರ್ಮನ್‌ನಲ್ಲಿ ನಾಲ್ಕು ಸಾಲು, ಇಷ್ಟನ್ನು ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಜಾಹೀರಾತು ಬಂದ ಅರ್ಧ ಗಂಟೆಯಲ್ಲಿ ಕಳಿಸಿದವರಿಗೂ ಮರುದಿನ ಕಳಿಸಿದವರಿಗೂ ತುಂಬಾ ವ್ಯತ್ಯಾಸ. ಶೂಫಾ ಅಂದರೆ ನಮ್ಮ ಸಿಬಿಲ್ ತರ. ಹೊಸಬರ ದಾಖಲೆ ಖಾಲಿ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಬಾಡಿಗೆಯಲ್ಲಿ ಎರಡು ಅಂಕಿ ಇರುತ್ತವೆ. ಕಾಲ್ಟ್ ಅಂದರೆ ಬರೀ ಮನೆಗೆ. ವಾರ್ಮ್ ಅಂದರೆ ನೀರು, ಕಸ, ಸಾಮಾನ್ಯವಾಗಿ ಹೀಟಿಂಗೂ ಸೇರಿ. ಕರೆಂಟು, ಇಂಟರ್ನೆಟ್ ಹೆಚ್ಚಾಗಿ ಬೇರೆ. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಸಮಾಧಾನದ ಸುದ್ದಿ, ಅಲ್ವಾ? ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಇದೆ. ಆದರೆ ಮನೆ ಖಾಲಿ ಎಂದರೆ ಪೂರ್ತಿ ಖಾಲಿ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಸಿಂಕು, ಒಲೆ, ಕಪಾಟು ಏನೂ ಇರುವುದಿಲ್ಲ. ದೀಪದ ಜಾಗದಲ್ಲಿ ಎರಡು ತಂತಿ ನೇತಾಡುತ್ತಿರುತ್ತವೆ. ಜಾಹೀರಾತಿನಲ್ಲಿ ಇಬಿಕೆ ಎಂದಿದ್ದರೆ ಅಡುಗೆಮನೆ ಜೋಡಿಸಿದೆ ಎಂದು ಅರ್ಥ, ಹೊಸಬರು ಅಂಥದ್ದನ್ನೇ ನೋಡಿ. ಹಿಂದಿನ ಬಾಡಿಗೆದಾರರು ಅವರ ಅಡುಗೆಮನೆಯನ್ನು ನಿಮಗೆ ಮಾರಲು ಬಂದರೆ ಚೌಕಾಶಿ ಮಾಡಬಹುದು.

ಕೀಲಿ ತಗೊಳ್ಳುವ ದಿನ ಗೋಡೆ, ನೆಲ, ಕಿಟಕಿ ಎಲ್ಲದರ ಫೋಟೋ ತೆಗೆಯಿರಿ. ಇರುವ ಗೀರು, ಕಲೆಗಳನ್ನು ಹಸ್ತಾಂತರದ ಪತ್ರದಲ್ಲಿ ಬರೆಸಿ. ಬಿಡುವಾಗ ಅಡ್ವಾನ್ಸ್ ವಾಪಸ್ ಬರುವುದು ಆ ಕಾಗದದ ಬಲದಿಂದ. ಬಿಡಲು ನೋಟಿಸ್ ಮೂರು ತಿಂಗಳು.

ಒಗ್ಗರಣೆ, ಮಿಕ್ಸಿ, ಪಕ್ಕದ ಮನೆಯವರು

ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಶಬ್ದ ಇರಬಾರದು, ಭಾನುವಾರ ಇಡೀ ದಿನ ಹೀಗೇ. ಗೋಡೆಗೆ ಡ್ರಿಲ್ ಹೊಡೆಯುವುದು, ಬಾಟಲಿ ಡಬ್ಬಿಗೆ ಗಾಜು ಎಸೆಯುವುದು ಭಾನುವಾರ ಬೇಡವೇ ಬೇಡ. ಚಟ್ನಿ ಹಿಂದಿನ ಸಂಜೆಯೇ ರುಬ್ಬಿಡಿ. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಪ್ಯಾಸೇಜಿನಲ್ಲಿರುವ ಹೊಗೆ ಅಲಾರಂಗೆ ಒಣಮೆಣಸಿನಕಾಯಿಯ ಘಾಟು ಬೆಂಕಿಯೋ ಅಡುಗೆಯೋ ಗೊತ್ತಾಗುವುದಿಲ್ಲ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಎಲ್ಲ ಕಿಟಕಿ ಪೂರ್ತಿ ತೆರೆಯಲೇಬೇಕು. ಇಡ್ಲಿ ಹಬೆ, ಒಣಗಲು ಹಾಕಿದ ಬಟ್ಟೆ ಎರಡೂ ಸೇರಿದರೆ ಮೂಲೆಯಲ್ಲಿ ಬೂಷ್ಟು ಬರುತ್ತದೆ, ಆಗ ತಪ್ಪು ಬಾಡಿಗೆದಾರರದು ಎನ್ನುತ್ತಾರೆ.

ಉಪ್ಪಿಟ್ಟಿಗೆ ರವೆ ಸೂಪರ್ ಮಾರ್ಕೆಟ್ಟಿನಲ್ಲೇ ಗ್ರೀಸ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಕೊತ್ತಂಬರಿ, ಬೆಂಡೆಕಾಯಿ, ಬದನೆಕಾಯಿಗೆ ತುರ್ಕಿಯವರ ಅಂಗಡಿ. ತುರಿದ ತೆಂಗಿನಕಾಯಿ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ. ಉಪ್ಪಿಲ್ಲದ ಬೆಣ್ಣೆ ಕಾಯಿಸಿದರೆ ತುಪ್ಪ ಮನೆಯಲ್ಲೇ ಆಯಿತು. ಇಡ್ಲಿ ಹಿಟ್ಟು ಉಬ್ಬಲು ಓವನ್ನಿನ ದೀಪ ಹಾಕಿ ಒಳಗಿಡಿ, ಓವನ್ ಹಾಕಬೇಡಿ. ನಲ್ಲಿ ನೀರು ಕುಡಿಯಬಹುದು. ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ, ಹಾಲು ಮೊಸರು ಶನಿವಾರವೇ ತಂದಿಡಿ. ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ವಾಪಸ್ ಕೊಟ್ಟರೆ ಒಂದಕ್ಕೆ 25 ಸೆಂಟ್.

ಪಟಾಕಿ ಮಾತ್ರ ದೀಪಾವಳಿಗೆ ಇಲ್ಲ. ಇಲ್ಲಿ ಮಾರುವುದು ವರ್ಷದ ಕೊನೆಯ ಮೂರು ದಿನ, ಹೊಡೆಯುವುದು ಹೊಸ ವರ್ಷಕ್ಕೆ.

ಓಡಾಟ, ಮಕ್ಕಳು

ಡಾಯ್ಚ್‌ಲಾಂಡ್ ಟಿಕೆಟ್ 2026ರಿಂದ ತಿಂಗಳಿಗೆ 63 ಯೂರೋ. ದೇಶದ ಎಲ್ಲ ಲೋಕಲ್ ರೈಲು, ಬಸ್ಸು, ಟ್ರಾಮಿಗೆ ನಡೆಯುತ್ತದೆ. ದೂರದೂರಿಗೆ ವೇಗವಾಗಿ ಓಡುವ ಐಸಿಇ ರೈಲಿಗೆ ನಡೆಯುವುದಿಲ್ಲ. ಬೇಡವಾದರೆ 10ನೇ ತಾರೀಕಿನೊಳಗೆ ರದ್ದು ಮಾಡಬೇಕು, ಇಲ್ಲವಾದರೆ ಮುಂದಿನ ತಿಂಗಳಿನದೂ ಕಟ್ ಆಗುತ್ತದೆ.

ಭಾರತದ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ವಾಸ ಶುರುವಾದ 6 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಕೊಡಬೇಕು. ಲಿಖಿತ ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಬಹುದು. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ಓಡಿಸಿದ್ದೇನೆ ಎಂಬ ಧೈರ್ಯದಲ್ಲಿ ಕ್ಲಾಸಿಗೆ ಹೋಗದೆ ರಸ್ತೆ ಪರೀಕ್ಷೆಗೆ ಕೂರಬೇಡಿ. ಬಲಗಡೆಯಿಂದ ಬರುವವರಿಗೆ ದಾರಿ ಬಿಡುವ ನಿಯಮ ಒಂದೇ ಸಾಕು, ಫೇಲ್ ಮಾಡಿಸಲು.

ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ಶಿಶುವಿಹಾರದಲ್ಲಿ ಜಾಗ ಪಡೆಯುವುದು ಕಾನೂನಿನ ಹಕ್ಕು, ಆದರೆ ಜಾಗವೇ ಇರುವುದಿಲ್ಲ. ವಿಳಾಸ ಸಿಕ್ಕ ವಾರವೇ ಅರ್ಜಿ ಹಾಕಿ. ಕಿಂಡರ್‌ಗೆಲ್ಡ್ ಎಂದು ಒಂದು ಮಗುವಿಗೆ ತಿಂಗಳಿಗೆ 259 ಯೂರೋ ಸರ್ಕಾರ ಕೊಡುತ್ತದೆ, ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಮಗು ಶಾಲೆಗೆ ಸೇರಿದ ಮೇಲೆ ರಜೆ ಬಿಟ್ಟು ಬೇರೆ ದಿನಗಳಲ್ಲಿ ಊರಿಗೆ ಹೋಗುವ ಹಾಗಿಲ್ಲ. ಟಿಕೆಟ್ ಅಗ್ಗ ಎಂದು ನಾಲ್ಕು ದಿನ ಮೊದಲೇ ಹೊರಟರೆ ದಂಡ ಬೀಳಬಹುದು.

ಚಳಿಗಾಲ, ಜನ

ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮೊದಲ ವರ್ಷ ಬಂದವರು ಜನವರಿ ಹೊತ್ತಿಗೆ ಸುಮ್ನೆ ಮಂಕಾಗುತ್ತಾರೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಗೆ ನಡೆಯಿರಿ, ವಿಟಮಿನ್ ಡಿ ಬಗ್ಗೆ ಡಾಕ್ಟರನ್ನು ಕೇಳಿ. ಊರಿಗೂ ಇಲ್ಲಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಮೂರೂವರೆ. ಕೆಲಸ ಮುಗಿಸಿ ಫೋನ್ ಮಾಡಿದರೆ ಅಪ್ಪ ಅಮ್ಮ ಮಲಗಿರುತ್ತಾರೆ. ಬೆಳಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಮಾತಾಡುವುದು ಹೆಚ್ಚಿನವರಿಗೆ ಸರಿಹೋಗುತ್ತದೆ.

ಫ್ರಾಂಕ್‌ಫರ್ಟ್ ಸುತ್ತಮುತ್ತ ರೈನ್ ಮೈನ್ ಕನ್ನಡ ಸಂಘ, ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ ಇವೆ. ಯುಗಾದಿ, ರಾಜ್ಯೋತ್ಸವಕ್ಕೆ ಹೋಗಿ. ಮನೆ ಖಾಲಿಯಾಗುವ ಸುದ್ದಿ, ಒಳ್ಳೆಯ ಮಕ್ಕಳ ಡಾಕ್ಟರ ಹೆಸರು ಅಲ್ಲಿ ಸಿಗುತ್ತದೆ. ಆದರೆ ವಾರವೆಲ್ಲ ನಮ್ಮವರ ಜೊತೆಯೇ ಕಳೆದರೆ ಜರ್ಮನ್ ಬರುವುದಿಲ್ಲ. ಆಫೀಸಿನಲ್ಲಿ ಇಂಗ್ಲಿಷ್ ಸಾಕು ಎಂಬುದು ನಿಜ, ಶಾಲೆಯ ಪೋಷಕರ ಸಭೆಯಲ್ಲಿ, ಕಚೇರಿಯ ಕೌಂಟರಿನಲ್ಲಿ ಸಾಕಾಗುವುದಿಲ್ಲ. ಊರೂರಿನಲ್ಲಿರುವ ಫೋಲ್ಕ್ಸ್‌ಹೋಖ್‌ಶೂಲೆಗಳ ಸಂಜೆ ತರಗತಿ ಅಗ್ಗ. ಸಂಗಾತಿ ಮನೆಯಲ್ಲೇ ಇದ್ದರೆ ಮೊದಲು ಅವರನ್ನು ಸೇರಿಸಿ.

ಊರಿನ ಲೆಕ್ಕ

ಭಾರತದ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವ ಹಾಗಿಲ್ಲ. ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಒ, ಅಂದರೆ ಭಾರತದಲ್ಲೇ ಬರುವ ಹಣಕ್ಕೆ ಅನಿವಾಸಿಗಳು ಇಡುವ ಖಾತೆ ಮಾಡಿಸಿ. ಇಲ್ಲಿಂದ ಕಳಿಸುವ ಹಣಕ್ಕೆ ಅನಿವಾಸಿಗಳ ಇನ್ನೊಂದು ಬಗೆಯ ಖಾತೆ, ಎನ್‌ಆರ್‌ಇ ತೆರೆಯಿರಿ. ಹಳೆಯ ಪಿಪಿಎಫ್ ಖಾತೆಯನ್ನು ಅವಧಿ ಮುಗಿಯುವ ತನಕ ಮುಂದುವರಿಸಬಹುದು, ಹೊಸದು ತೆರೆಯಲು ಆಗುವುದಿಲ್ಲ.

ಹೆಚ್ಚಿನವರು ಎಡವುವುದು ಎನ್‌ಆರ್‌ಇ ಠೇವಣಿಯಲ್ಲಿ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಸರಿ. ಆದರೆ ಜರ್ಮನಿ ತನ್ನಲ್ಲಿ ವಾಸಿಸುವವರ ಎಲ್ಲ ದೇಶಗಳ ಆದಾಯವನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಆ ಬಡ್ಡಿಯನ್ನು ಇಲ್ಲಿನ ತೆರಿಗೆ ಫಾರ್ಮಿನಲ್ಲಿ ತೋರಿಸಲೇಬೇಕು. ಎನ್‌ಆರ್‌ಒ ಬಡ್ಡಿಗೆ ಭಾರತದ ಬ್ಯಾಂಕ್ ಶೇ. 30ರ ಮೇಲೆ ಹಿಡಿದುಕೊಳ್ಳುತ್ತದೆ. ನೀವು ಜರ್ಮನಿಯ ವಾಸಿ ಎಂಬ ಪ್ರಮಾಣಪತ್ರವನ್ನು ಇಲ್ಲಿನ ತೆರಿಗೆ ಕಚೇರಿಯಿಂದ ತೆಗೆಸಿ ಬ್ಯಾಂಕಿಗೆ ಕೊಟ್ಟರೆ, ಎರಡು ದೇಶಗಳ ಒಪ್ಪಂದದ ಪ್ರಕಾರ ಅದು ಶೇ. 10ಕ್ಕೆ ಇಳಿಯುತ್ತದೆ. ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಕೊಡಬೇಕು. ಏಪ್ರಿಲ್ ಶುರುವಾಗುವ ಮೊದಲೇ ಆ ಅರ್ಜಿ ಹಾಕಿಡಿ.